ಸ್ಯಾಟಿನ್ ಗೌನಿಗೆ ಬಿದ್ದ ಕತ್ತರಿ

ಬೀರುವಿನ ಬಾಗಿಲು ತೆಗೆದ ಇಸ್ತ್ರಿಯಣ್ಣ ಬೆಚ್ಚಿ ಹಿಂದೆ ಸರಿದ. ನಾಳೆ ಮದುಮಗಳು ತೊಡಬೇಕಾದ ಬಿಳಿ ಸ್ಯಾಟಿನ್ ಗೌನಿನ ಹಿಂಭಾಗದಲ್ಲಿ ಅಂಗೈಗಿಂತ ದೊಡ್ಡ ತೂತು! ಯಾರೋ ಕತ್ತರಿಯಾಡಿಸಿದ್ದರು. ತಾಯಿಯ ಹಲ್ಲುನೋವಿಗೆಂದು ನಿನ್ನೆ ಮಧ್ಯಾಹ್ನ ರಜೆ ಹಾಕಿದ್ದಕ್ಕೆ ಇಂಥಾ ಗ್ರಹಚಾರವೇ?

"ಅಯ್ಯಯ್ಯೋ, ಮಾಸ್ಟ್ರೇ! ಬೇಗ ಬನ್ನಿ!"

ದರ್ಜಿ ಅಂಗಡಿಯ ಯಜಮಾನರಾದ ಮಾಸ್ಟ್ರು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು. ಮರುಕ್ಷಣವೇ, ಕತ್ತರಿಸಿದ ತುಂಡು ಹುಡುಕುವವರಂತೆ, ಮೇಜಿನ ಮೇಲಿದ್ದ ಕ್ರಿಸ್ಮಸ್ ಪೊಟ್ಟಣಗಳಿಗೆ ಕೈ ಹಾಕಿದರು. ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಚೀಟಿ ಎತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಮಾಡಬೇಕು. ಕಾಸು ಬಿಚ್ಚುವಂತಿಲ್ಲ; ಚಿಂದಿ ಡಬ್ಬದ ತುಂಡುಗಳಲ್ಲೇ ಹೊಲಿಯಬೇಕು. ಹೊಲಿಗೆಯಕ್ಕನ ಪೊಟ್ಟಣ ಹರಿದಾಗ ಹೊರಬಿದ್ದದ್ದು ಬಿಳಿ ಸ್ಯಾಟಿನ್ನಿನ ಪುಟ್ಟ ಚೀಲ.

"ಸಿಕ್ಕಿಬಿತ್ತಲ್ಲ ಕಳ್ಳತನ!" ಮಾಸ್ಟ್ರು ಗುಡುಗಿದರು. ಅಲ್ಲೇ ನಿಂತು ಮದುಮಗಳ ತಾಯಿಗೆ ಫೋನಾಯಿಸಿ, "ನಮ್ಮ ಹೊಲಿಗೆಯವಳು ಇಂಥಾ ಕಳ್ಳಿ ಅಂತ ಗೊತ್ತಿರ್ಲಿಲ್ಲಮ್ಮ" ಎಂದೂ ಹೇಳಿಬಿಟ್ಟರು.

ಹೊಲಿಗೆಯಕ್ಕ ಬಾಗಿಲ ಬಳಿಗೆ ಸರಿದಳು. ಇಬ್ಬರು ಮಕ್ಕಳ ಹೊಟ್ಟೆ ಅವಳ ಸೂಜಿಯ ಮೇಲೆಯೇ ನಿಂತಿತ್ತು. ಕಳ್ಳಿ ಎನ್ನಿಸಿಕೊಂಡವಳನ್ನು ಇನ್ಯಾವ ಅಂಗಡಿ ಸೇರಿಸೀತು? ಇಸ್ತ್ರಿಯಣ್ಣ ಒಂದೇ ಉಸಿರಿಗೆ ಮಹಡಿ ಹತ್ತಿ ಗುಂಡಿಯಜ್ಜಿಯ ಬಾಗಿಲು ಬಡಿದ.

ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸವಾಗಿದ್ದು, ಗುಂಡಿ ಹೊಲಿಯುವ ಈ ಅಜ್ಜಿ, ಕಳೆದುಹೋದ ಉಂಗುರದಿಂದ ಹಿಡಿದು ಓಡಿಹೋದ ಗಿರಾಕಿಯವರೆಗೆ ಎಲ್ಲವನ್ನೂ ಪತ್ತೆ ಹಚ್ಚಿದವಳು. ಕೆಳಗಿಳಿದು ಬಂದು ಮೊದಲು ಚೀಲದ ಹೊಲಿಗೆಯನ್ನು ತಿರುವಿ ನೋಡಿದಳು, ಆಮೇಲೆ ಗೌನಿನ ತೂತನ್ನು. ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನು ಮಗುಚಿದಳು. ಅದರ ತಳ ಫಳಫಳ ಹೊಳೆಯುತ್ತಿತ್ತು.

"ನೀನು ತಿಕ್ಕಿದ್ಯೇನೋ?"

"ಇಲ್ಲಜ್ಜಿ. ಮೊನ್ನೆಯಿಂದ ತಳದ ಕಲೆ ಹಾಗೇ ಇತ್ತು. ಇವತ್ತು ತಿಕ್ಕೋಣ ಅಂತಿದ್ದೆ, ಇನ್ನೂ ಮುಟ್ಟೇ ಇಲ್ಲ."

"ಬಿಟ್ಟು ಹೋಗುವಾಗ ಶಾಖದ ಮುಳ್ಳು ಎಲ್ಲಿಟ್ಟಿರ್ತೀಯ?"

"ಸೊನ್ನೆಗೆ. ಯಾವಾಗ್ಲೂ."

ಅಜ್ಜಿ ಎಲ್ಲರನ್ನೂ ಮೇಜಿನ ಸುತ್ತ ಕರೆದಳು. ಹೊಲಿಗೆಯಕ್ಕ ಮಾತ್ರ ಬಾಗಿಲು ಬಿಟ್ಟು ಬರಲಿಲ್ಲ.

"ಈ ಚೀಲ ನಾಲ್ಕು ಸಣ್ಣ ಪಟ್ಟಿ ಕೂಡಿಸಿ ಹೊಲಿದದ್ದು. ಪ್ರತಿ ಪಟ್ಟಿಯ ಅಂಚಲ್ಲೂ ಬಿಚ್ಚಿದ ಹಳೇ ಹೊಲಿಗೆಯ ತೂತಿನ ಸಾಲಿದೆ. ಹೋದ ವಾರ ಇದೇ ಗೌನಿನ ತೋಳು ಗಿಡ್ಡ ಮಾಡಿದ್ವಲ್ಲ, ಆ ತುಂಡುಗಳಿವು. ಗೌನಿನ ಹಿಂಭಾಗದಲ್ಲಿ, ತೂತು ಬಿದ್ದ ಕಡೆ, ಹೊಲಿಗೆಯೇ ಇಲ್ಲ."

"ಹಾಗಾದ್ರೆ ಕತ್ತರಿಸಿದ್ಯಾರು?" ಮಾಸ್ಟ್ರ ದನಿ ಉಡುಗಿತ್ತು.

"ಬಟ್ಟೆ ಬೇಕಾದೋನು ಚೌಕವಾಗಿ ಕತ್ತರಿಸ್ತಾನೆ. ಈ ತೂತಿನ ಒಂದು ತುದಿ ಚೂಪು, ಇನ್ನೊಂದು ಅಗಲ. ಇಸ್ತ್ರಿಪೆಟ್ಟಿಗೆಯದೇ ಆಕಾರ. ಬಟ್ಟೆ ಸುಟ್ಟಿತ್ತು, ಸುಟ್ಟ ಗುರುತನ್ನ ಕತ್ತರಿಸಿ ತೆಗೆದು, ಪೆಟ್ಟಿಗೆ ತಿಕ್ಕಿಟ್ಟಿದ್ದಾರೆ. ಮಾಸ್ಟ್ರೇ, ಮುಳ್ಳು ಈಗ ಯಾವ ಬಟ್ಟೆಯ ಹೆಸರಿನ ಮೇಲಿದೆ, ಓದಿ."

ಮಾಸ್ಟ್ರು ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದರು. "ರೇಷ್ಮೆ."

ಇಸ್ತ್ರಿಯಣ್ಣ ಬಗ್ಗಿ ನೋಡಿ ದಂಗಾದ. ಮುಳ್ಳು ಹತ್ತಿಯ ಮೇಲಿತ್ತು! ಇಪ್ಪತ್ತು ವರ್ಷ ತಾನು ದೇವರಂತೆ ಕಂಡ ಮನುಷ್ಯ ಇವರೇ!

"ಸ್ಯಾಟಿನ್ನಿಗೆ ಹತ್ತಿಯ ಶಾಖ ಕೊಡೋಷ್ಟು ದಡ್ಡರು ಇಲ್ಲಿ ಯಾರೂ ಇಲ್ಲ," ಎಂದಳು ಅಜ್ಜಿ. "ಅಕ್ಷರ ಕಾಣದೋರು ಒಬ್ಬರಿದ್ದಾರೆ. ಮಾಸ್ಟ್ರೇ, ನಿನ್ನೆ ಇಸ್ತ್ರಿ ಹಾಕಿದ್ದು ನೀವು; ಕಣ್ಣು ಮಂಜಾಗಿದ್ದು ಗಿರಾಕಿಗಳಿಗೆ ಗೊತ್ತಾದೀತು ಅಂತ ಹೆದರಿ ಗುರುತು ಕತ್ತರಿಸಿದ್ರಿ. ಮಗಳೇ, ಚೀಲ ಯಾರಿಗೆ ಹೊಲಿದೆ?"

"ಇವರಿಗೇ," ಎಂದಳು ಹೊಲಿಗೆಯಕ್ಕ. "ಕನ್ನಡಕಾನ ಸೀಮೆಸುಣ್ಣದ ಜೊತೆ ಜೇಬಿಗೆ ಹಾಕ್ಕೋತಾರೆ. ಗಾಜೆಲ್ಲ ಗೀರು. ಮೆತ್ತಗಿರ್ಲಿ ಅಂತ ಒಳಗೆ ಉಣ್ಣೆ ಹಾಕಿದ್ದೆ."

ಮಾಸ್ಟ್ರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. "ಯಾರ ಹೆಸರೂ ಹೇಳೋ ಮನಸ್ಸಿರ್ಲಿಲ್ಲ ತಾಯಿ. ಚೀಲ ಕಂಡ ಕೂಡ್ಲೇ... ತಪ್ಪಾಯ್ತು."

"ನನ್ನ ಹತ್ರ ಆಮೇಲೆ ಕೇಳಿ. ಯಾರಿಗೆ ಕಳ್ಳಿ ಅಂದ್ರೋ ಅವರಿಗೆ ಮೊದಲು ಹೇಳಿ."

ಮಾಸ್ಟ್ರು ಫೋನು ಹಿಡಿದು ತಡಕಾಡಿದರು; ಅಂಕಿ ಕಾಣಲೊಲ್ಲದು. ಹೊಲಿಗೆಯಕ್ಕ ಬಂದು ತಾನೇ ನಂಬರು ಒತ್ತಿ ಅವರ ಕೈಗಿಟ್ಟಳು.

"ಅಮ್ಮಾ, ಕಳ್ಳಿ ಅಂದ್ನಲ್ಲ, ಅವಳಲ್ಲ. ಗೌನು ಸುಟ್ಟಿದ್ದು ನಾನು. ಕತ್ತರಿಸಿದ್ದೂ ನಾನೇ."

ಆ ಕಡೆಯಿಂದ ಬೈಗುಳದ ಸುರಿಮಳೆಯಾಯಿತು. ಮಾಸ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಫೋನು ಇಟ್ಟ ಮೇಲೆ ಹೊಲಿಗೆಯಕ್ಕ ಗೌನನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇಸ್ತ್ರಿಯಣ್ಣ, ದೀಪ ಹಾಕು. ನಾಳೆಗೆ ಕೊಡ್ಬೇಕು."