ಹ್ಯಾಲಕ್ ಕಟ್ಟಡದ ಗಾಜುಪಟ್ಟಿಗಳು

೧೯೭೪ರ ಅಕ್ಟೋಬರ್ ೭, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಶಿಕಾಗೋ ನಡುಪೇಟೆಯ ಠಾಣೆಗೆ ದೂರು ತಂದವರು ವ್ಲಾಸ್ತಾ ನೊವೊತ್ನಿ. ಹ್ಯಾಲಕ್ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಟೋಪಿ ಹೊಲಿಯುವ ಹೆಂಗಸು.

"ಅಂಗಡಿ ಗೋಡೆ ಮೇಲಿನ ಗಾಜುಪಟ್ಟಿ ಯಾರೋ ಒಡೆದಿದಾರೆ. ಬೀಗ ಹಾಗೇ ಇದೆ."

"ಏನು ಹೋಗಿದೆ?" ಡಿಟೆಕ್ಟಿವ್ ವ್ರೋನಾ ಕೇಳಿದ.

"ಹೋಗೋದು ಶುಕ್ರವಾರ ಸಾರ್. ಇಡೀ ಕಟ್ಟಡಾನೇ ಹೋಗುತ್ತೆ."

ಹ್ಯಾಲಕ್ ಎದ್ದದ್ದು ೧೮೯೧ರಲ್ಲಿ. ಹದಿನಾರು ಮಹಡಿ, ಉಕ್ಕಿನ ಹಂದರವಿಲ್ಲ, ಎಲ್ಲ ಭಾರ ಇಟ್ಟಿಗೆ ಗೋಡೆಯ ಮೇಲೆ. ಅಡಿಯಲ್ಲಿ ಮೆತ್ತನೆ ಜೇಡಿ. ಕೂತೇ ಕೂರುತ್ತದೆಂದು ಕಟ್ಟಿದವರಿಗೆ ಗೊತ್ತಿತ್ತು, ಹೊಸ್ತಿಲನ್ನೇ ಬೀದಿಗಿಂತ ಎತ್ತರಕ್ಕಿಟ್ಟಿದ್ದರು. ಕೂತಿತು, ಬೀದಿಗೆ ಸಮವಾಗಿ ನಿಂತಿತು. ಎಂಥ ಗುಂಡಿಗೆ ಆ ಜನರದು! ಹಳೇ ಬಿರುಕುಗಳ ಮೇಲೆ ಎಂಜಿನಿಯರ್ ಥೋರ್ಸನ್ ಏಳು ಗಾಜುಪಟ್ಟಿಗಳನ್ನು ಎರಡೂ ತುದಿಗೆ ಗಾರೆ ಹಾಕಿ ಅಂಟಿಸಿದ್ದ. ಗೋಡೆ ಕದಲಿದರೆ ಗಾಜು ಒಡೆಯಬೇಕು. ಭಾನುವಾರ ಏಳೂ ಒಡೆದಿದ್ದವು. ಕಟ್ಟಡ ಕದಲುತ್ತಿದೆ, ಶುಕ್ರವಾರದೊಳಗೆ ಖಾಲಿ ಮಾಡಿಸಿ ಕೆಡವಿ ಎಂದು ಅವನ ವರದಿ. ಬಾಡಿಗೆದಾರರೆಲ್ಲ ಬೀದಿಪಾಲು.

ವ್ರೋನಾ ಪಂಚನಾಮೆಗೆ ಹೊರಟ. ಜೊತೆಗೆ ಕಾನ್‌ಸ್ಟೇಬಲ್ ಯೂಬ್ಯಾಂಕ್ಸ್.

"ಇದು ಬೀಳುತ್ತಾ ಸಾರ್? ನಮ್ಮತ್ತೆ ಥರ ಇದೆ. ಎಲ್ಲರನ್ನೂ ಕಳಿಸಿಯೇ ಹೋಗೋದು."

ವ್ರೋನಾ ಒಂಬತ್ತನೇ ಮಹಡಿಗೆ ಹತ್ತಿದ. ಟೋಪಿ ಅಂಗಡಿಯ ಬಾಗಿಲನ್ನು ಎರಡು ಸಲ ಹಾಕಿ ತೆಗೆದ. ಆಮೇಲೆ ಥೋರ್ಸನ್‌ನನ್ನು ಕರೆಸಿದ.

"ಗೋಡೆ ಎಷ್ಟು ಕದಲಿದೆ?"

"ಅರ್ಧ ಇಂಚು. ವರದೀಲಿದೆ."

"ಹಾಗಾದ್ರೆ ಬಾಗಿಲ ಚೌಕಟ್ಟು ಸೊಟ್ಟಗಾಗಿರಬೇಕಲ್ಲ?"

"ಆಗಿರುತ್ತೆ."

"ಬಾಗಿಲು ಹಾಕಿ ನೋಡಿ."

ಬಾಗಿಲು ಸಲೀಸಾಗಿ ಮುಚ್ಚಿಕೊಂಡಿತು. ಒಡೆದ ಗಾಜಿದ್ದ ಮಹಡಿಗಳಲ್ಲೆಲ್ಲ ವ್ರೋನಾ ಅವನ ಕೈಯಿಂದಲೇ ಬಾಗಿಲು ಹಾಕಿಸಿದ. ಒಂದೂ ಸಿಕ್ಕಿಕೊಳ್ಳಲಿಲ್ಲ.

"ಪಟ್ಟಿಯ ಎರಡೂ ತುದಿಯ ಗಾರೆ ಇದ್ದಲ್ಲೇ ಇದೆ. ಏಟು ಬಿದ್ದಿರೋದು ನಡುವೆ. ಕೀಲಿ ಯಾರ್ಯಾರ ಹತ್ರ ಇದೆ?"

"ಒಂದು ನನ್ನ ಹತ್ರ," ಎಂದರು ವ್ಲಾಸ್ತಾ. "ಅಳತೆ ತಗೋಬೇಕು ಅಂತ ಇವರು ಇಸ್ಕೊಂಡಿದ್ದು ಇನ್ನೊಂದು."

ಯೂಬ್ಯಾಂಕ್ಸ್ ಥೋರ್ಸನ್‌ನ ಚೀಲ ತೆಗೆಸಿದ. ಒಳಗೆ ಸಣ್ಣ ಸುತ್ತಿಗೆ, ಅದರ ಮೂತಿಗೆ ಗಾಜಿನ ಪುಡಿ. ಬಂಧನ ಅಲ್ಲೇ ಆಯಿತು.

ಸುದ್ದಿ ಮಹಡಿಯಿಂದ ಮಹಡಿಗೆ ಇಳಿಯಿತು. ವಕೀಲರು, ಹಲ್ಲು ಡಾಕ್ಟರು, ಪಿಟೀಲು ರಿಪೇರಿಯವರು ಎಲ್ಲ ಮೆಟ್ಟಿಲ ಕಂಬಿಗೆ ಬಂದು ಚಪ್ಪಾಳೆ ಹೊಡೆದರು. ವ್ಲಾಸ್ತಾ ಒಂದು ಹೊಸ ಟೋಪಿ ತಂದು ಯೂಬ್ಯಾಂಕ್ಸನ ತಲೆಗೇ ಇಟ್ಟರು. ಅವನು ಅದನ್ನು ತೆಗೆಯದೆ ಆರೋಪಿಯನ್ನು ಕೆಳಗಿಳಿಸಿದ.

"ಇದಕ್ಕೆ ಕಟ್ಟಡದ ಮಾಲೀಕರು ಎಷ್ಟು ಕೊಟ್ರು?" ವ್ರೋನಾ ಕೇಳಿದ.

"ಒಂದು ಸೆಂಟೂ ಇಲ್ಲ. ಇದು ಇನ್ನು ಹತ್ತು ವರ್ಷ ನಿಲ್ಲಲ್ಲ ಅಂತ ಐವತ್ತಾರರಲ್ಲಿ ಪತ್ರಿಕೆಗೆ ಹೇಳಿದ್ದೆ. ಅವತ್ತಿಂದ ಜೊತೆ ಕೆಲಸದವರೆಲ್ಲ, ಬಿತ್ತೇನಪ್ಪಾ ಅಂತ ಕೇಳ್ತಾರೆ. ನನ್ನ ಬಸ್ಸು ದಿನಾ ಇದರ ಮುಂದೇನೇ ಹೋಗೋದು."

ಕೆಳಗಿನ ಬಾಗಿಲಲ್ಲಿ ಗೋಡೆ ಆರಡಿ ದಪ್ಪ. ದಾಟುವಾಗ ಥೋರ್ಸನ್ ನಿಂತ. ಬೇಡಿ ಹಾಕಿದ ಎರಡೂ ಕೈಯನ್ನು ಇಟ್ಟಿಗೆಯ ಮೇಲಿಟ್ಟ.

"ಚೆನ್ನಾಗಿ ಕಟ್ಟಿದಾರೆ," ಎಂದ. "ಲೆಕ್ಕ ತಪ್ಪಿದ್ದು ನಂದೇ."