ಉಮ್ಮಾಮ ಹೇಳಿದ್ದೇ ಬೇರೆ

ಶಾಲೆಯ ಹಾಲ್ ತುಂಬ ನಗು.

ಪರದೆಯ ಮೇಲೆ ಮಿಸ್ಬಾಹ್ ಮಾಡಿದ ಸಿನಿಮಾ; ಅದರಲ್ಲಿ ಅವಳ ಅಜ್ಜಿ ಹಲೀಮತ್ ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಸಬ್‌ಟೈಟಲ್ ಬಂತು: 'ಹಸಿಮೆಣಸು ಕಚ್ಚಿಬಿಟ್ಟೆ, ಅದಕ್ಕೇ ಈ ಕಣ್ಣೀರು.'

ಐದನೇ ಕ್ಲಾಸಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. "ನಿನ್ನ ಅಜ್ಜಿ ಸೂಪರ್ ಕಾಮಿಡಿ ಮಾರಾಯ್ತಿ!" ಎಂದು ಪಕ್ಕದಲ್ಲಿದ್ದ ವಿಸ್ಮಯಾ ಮಿಸ್ಬಾಹಳ ಬೆನ್ನಿಗೆ ಗುದ್ದಿದಳು. ಮಿಸ್ಬಾಹ್ ಕೂಡ ನಕ್ಕಳು.

ಹಿಂದಿನ ಸಾಲಿನಲ್ಲಿ ಆ ಅಜ್ಜಿಯೇ, ಮಿಸ್ಬಾಹ್ 'ಉಮ್ಮಾಮ' ಎಂದು ಕರೆಯುವವರು, ಕುಳಿತಿದ್ದರು. ಊರಿನಿಂದ ಸೌದಿಯ ಅಲ್ ಖೋಬರಿಗೆ ವಿಸಿಟ್ ವೀಸಾದಲ್ಲಿ ಬಂದು ಒಂದು ತಿಂಗಳಾಗಿತ್ತು. ಅವರಿಗೆ ಇಂಗ್ಲಿಷ್ ಓದಲು ಬಾರದು. ಎಲ್ಲರೂ ನಗುವುದನ್ನು ನೋಡಿ ಅವರೂ ಸೆರಗು ಸರಿಮಾಡಿಕೊಂಡು ಮೆಲ್ಲಗೆ ನಕ್ಕರು.

ಮಿಸ್ಬಾಹಳ ನಗು ಅಲ್ಲೇ ನಿಂತುಹೋಯಿತು.

ಉಮ್ಮಾಮ ಹೇಳಿದ್ದೇ ಬೇರೆ. ಅಜ್ಜ ಜಿದ್ದಾದಲ್ಲಿ ಕೆಲಸಕ್ಕಿದ್ದಾಗ ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತಾಡಿ ಕಳಿಸುತ್ತಿದ್ದರಂತೆ. ಮಾತು ಮುಗಿದರೂ ಟೇಪ್ ಓಡುತ್ತಿತ್ತಂತೆ. ಅಜ್ಜನ ಕೆಮ್ಮು, ಕೋಣೆಯ ಫ್ಯಾನಿನ ಸದ್ದು. ಉಮ್ಮಾಮ ಅದನ್ನೂ ಕೊನೆಯವರೆಗೆ ಕೇಳುತ್ತಿದ್ದರಂತೆ. ಇಷ್ಟು ಹೇಳಿ ಅವರು ಅತ್ತಿದ್ದರು.

ಅಳುವ ಸಿನಿಮಾ ತೋರಿಸಿದರೆ ಕ್ಲಾಸಿನವರು ಬೋರ್ ಅನ್ನುತ್ತಾರೆ ಎಂದು ಮಿಸ್ಬಾಹಳಿಗೆ ಹೆದರಿಕೆಯಾಗಿತ್ತು. ಅದಕ್ಕೇ ಬೇರೆ ಮಾತು ಬರೆದಳು. ಉಮ್ಮಾಮ ಆಡುವ ಬ್ಯಾರಿ ಭಾಷೆ ಮಲಯಾಳಿ ಹುಡುಗಿಯರಿಗೆ ಅಲ್ಪಸ್ವಲ್ಪ ತಿಳಿಯುತ್ತದಲ್ಲ? ಅವರಿಗೂ ಕೇಳದಂತೆ ಮ್ಯೂಸಿಕ್ ಜೋರು ಮಾಡಿದಳು.

ಎಲ್ಲ ಸಿನಿಮಾಗಳೂ ಮುಗಿದವು. ನಾಲ್ಕು ವಾರದಿಂದ ಸಿನಿಮಾ ಕಲಿಸುತ್ತಿದ್ದ ಓರ್ಲಾ ಮಿಸ್ ಅವಳನ್ನು ಬದಿಗೆ ಕರೆದರು. ಅವರು ಐರ್ಲೆಂಡಿನವರು. ಮೂವತ್ತು ವರ್ಷದಿಂದ ಸಿನಿಮಾ ಮಾಡುತ್ತಿದ್ದವರು. ಗಂಡನಿಗೆ ಇಲ್ಲಿ ಕೆಲಸವೆಂದು ಬಂದಿದ್ದರು.

"ಮ್ಯೂಸಿಕ್ ಯಾಕೆ ಅಷ್ಟು ಜೋರು? ನನಗೆ ನಿನ್ನ ಅಜ್ಜಿಯ ದನಿ ಕೇಳಬೇಕಿತ್ತು."

ಮಿಸ್ಬಾಹ್ ಶೂ ನೋಡುತ್ತಾ ನಿಂತಳು.

"ಅದು ಮೆಣಸು ತಿಂದವರ ಮುಖ ಅಲ್ಲ, ಅಲ್ವಾ?"

"ಅಲ್ಲ ಮಿಸ್."

ಬೈಗುಳ ಬೀಳುತ್ತದೆ ಎಂದು ಅವಳು ಕಾದಳು. ಓರ್ಲಾ ಮಿಸ್ ಬೆಂಚಿನ ಮೇಲೆ ಕುಳಿತರು.

"ನನ್ನ ಊರು ಸಮುದ್ರದ ಬದಿಯಲ್ಲಿ. ಅಲ್ಲಿ ನಾವು ಐರಿಷ್ ಮಾತಾಡ್ತೇವೆ. ನನ್ನ ಮೊದಲ ಸಿನಿಮಾದಲ್ಲಿ ಕೋಲಂ ಎಂಬ ಮುದುಕ ಇದ್ದ, ಮೀನು ಹಿಡಿಯುವವನು. ನೀರಿನಲ್ಲಿ ಮುಳುಗಿಹೋದ ತಮ್ಮನ ಬಗ್ಗೆ ಹೇಳಿದ. ಟೀವಿಯವರಿಗೆ ದುಃಖದ ಕತೆ ಬೇಡವಾಗಿತ್ತು. ನಾನು ಕೆಳಗೆ ಇಂಗ್ಲಿಷಿನಲ್ಲಿ ಏನೋ ತಮಾಷೆ ಬರೆದೆ. ಪ್ರೈಜ್ ಬಂತು."

"ಅವರಿಗೆ ಗೊತ್ತಾಯ್ತಾ?"

"ಅವನಿಗೆ ಓದಲು ಬರ್ತಿರಲಿಲ್ಲ. ನನ್ನ ಕೈ ಹಿಡಿದು, 'ತಮ್ಮನ ವಿಷಯ ಎಲ್ಲರೂ ಕೇಳಿದ್ರಾ ಮಗಳೇ?' ಅಂದ. ನಾನು ಹೌದು ಅಂದೆ."

"ಆಮೇಲೆ?"

"ಬೇರೆ ಬೇರೆ ದೇಶ ಸುತ್ತಿದೆ. ಹದಿನೈದು ಸಿನಿಮಾ ಮಾಡಿದೆ. ನಿಜ ಹೇಳಬೇಕು ಅಂತ ಊರಿಗೆ ಹೋದಾಗ ಕೋಲಂ ಬದುಕಿರಲಿಲ್ಲ." ಓರ್ಲಾ ಮಿಸ್ ಕನ್ನಡಕ ತೆಗೆದು ಒರೆಸಿದರು. "ನಿನ್ನ ಅಜ್ಜಿ ಅಲ್ಲಿ ಕಾಯ್ತಿದ್ದಾರೆ, ಹೋಗು."

ಕಾರಿನಲ್ಲಿ ಉಮ್ಮಾಮ ಖುಷಿಯಲ್ಲಿದ್ದರು. ಡ್ರೈವ್ ಮಾಡುತ್ತಿದ್ದ ಅಪ್ಪ ಇಮ್ತಿಯಾಜರಿಗೆ, "ನಿನ್ನ ಮಗಳ ಸಿನಿಮಾಕ್ಕೇ ಜಾಸ್ತಿ ಚಪ್ಪಾಳೆ ಮಾರಾಯ," ಎಂದರು. ಆಮೇಲೆ ಮಿಸ್ಬಾಹಳ ಕಡೆ ತಿರುಗಿದರು. "ಆದ್ರೆ ಅವರೆಲ್ಲ ನಗಾಡಿದ್ದು ಎಂತಕ್ಕೆ? ಕ್ಯಾಸೆಟ್ ಅಂದ್ರೆ ಈಗಿನ ಮಕ್ಕಳಿಗೆ ತಮಾಷೆಯಾ?"

"ಹೌದು" ಎಂಬ ಮಾತು ನಾಲಗೆಯ ತುದಿಗೆ ಬಂತು. ಎಷ್ಟು ಸುಲಭ! ಮಿಸ್ಬಾಹ್ ತುಟಿ ಬಿಗಿದು ಕಿಟಕಿಯ ಕಡೆ ನೋಡಿದಳು.

ಮನೆಗೆ ಬಂದವಳು ಚಹಾ ಕುಡಿಯಲಿಲ್ಲ. ಉಮ್ಮಾಮ ಇಳಿಹೊತ್ತಿನ ಅಸರ್ ನಮಾಜು ಮುಗಿಸುವವರೆಗೆ ಬಾಗಿಲಲ್ಲೇ ನಿಂತಳು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಉಮ್ಮಾಮ "ಹಸಿಮೆಣಸಾ?" ಎಂದಷ್ಟೇ ಅಂದರು. ನಮಾಜಿನ ಹಾಸು ಮುಸಲ್ಲಾವನ್ನು ಮಡಚಿಟ್ಟು ಅಡುಗೆಮನೆಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಮಿಸ್ಬಾಹಳಿಗೆ.

ಮರುದಿನ ಶುಕ್ರವಾರ. ಮಿಸ್ಬಾಹ್ ಲ್ಯಾಪ್‌ಟಾಪ್ ತೆರೆದು ಮ್ಯೂಸಿಕ್ ಅಳಿಸಿದಳು. ಉಮ್ಮಾಮನ ದನಿ ಮನೆಯಲ್ಲೆಲ್ಲ ಕೇಳಿತು. ಒಂದು ಮಾತು ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಹಾಕಿ ಕೇಳಿದಳು.

ಹಿಂದಿನಿಂದ ಉಮ್ಮಾಮನೇ ಬಂದರು. "ಅದು ಹಳೆಯ ಮಾತು, ನಿಂಗೆ ಗೊತ್ತಿಲ್ಲ," ಎಂದರು. "ಯಾರಾದ್ರೂ ಬರ್ತಾರೆ ಅಂತ ದಿನಾ ದಾರಿ ನೋಡ್ತೇವಲ್ಲ, ಅದು." ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತರು. "ಬರೆ."

ಅವರು ಒಂದೊಂದೇ ಸಾಲು ಬಿಡಿಸಿ ಹೇಳಿದರು, ಮಿಸ್ಬಾಹ್ ಬರೆದಳು. ಕೊನೆಗೆ ಉಮ್ಮಾಮ ಕಣ್ಣೊರೆಸಿಕೊಳ್ಳುವ ಜಾಗ ಬಂತು. ಮಿಸ್ಬಾಹ್ ಮೆಣಸಿನ ಸಾಲನ್ನು ಅಳಿಸಿದಳು.

"ಇಲ್ಲಿ ಎಂತ ಬರೆಯುದು ಉಮ್ಮಾಮ?"

ಉಮ್ಮಾಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಿಸ್ಬಾಹ್ ತಿರುಗಿ ಅವರ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟು, ಉಮ್ಮಾಮನಿಗೆ ಇನ್ನಷ್ಟು ಒತ್ತಿ ಕುಳಿತಳು.