ಕಳಚಿ ತೆಗೆದ ಪೆನ್‌ಡ್ರೈವ್

ಎಸ್‌.ಐ. ಗೋದಾವರಿ ಠಾಣೆಯಲ್ಲಿ ಹಳೆಯ ಕಡತಕ್ಕೆ ದಬ್ಬಣದಿಂದ ದಾರ ಪೋಣಿಸುತ್ತಿದ್ದಳು. ಇನ್ನೂ ಅರ್ಧ ಉಳಿದಿತ್ತು. 2004ರ ಮಾರ್ಚ್ 16, ಬೆಳಿಗ್ಗೆ 10.20. ಬಾಲಾನಗರದ ವಿನ್ಯಾಸ ಕಂಪನಿಯೊಂದರ ಮ್ಯಾನೇಜರ್ ಸೂರ್ಯಕಾಂತ ದೂರು ಹಿಡಿದು ಬಂದ. ನಿನ್ನೆ ಊಟದ ಹೊತ್ತಿನಲ್ಲಿ ಯಾರೋ ಕಂಪ್ಯೂಟರಿನಲ್ಲಿದ್ದ ಯಂತ್ರಗಳ ನಕ್ಷೆಗಳನ್ನೆಲ್ಲ ನಕಲು ಮಾಡಿಕೊಂಡು, ಮೂಲವನ್ನು ಅಳಿಸಿದ್ದರು. ಇಂದು ಬೆಳಿಗ್ಗೆ ಗಿರಾಕಿಗಳೆದುರು ಅವನ್ನು ತೋರಿಸಲು ನಿಂತಾಗಲೇ ಅವನಿಗೆ ಅದು ಗೊತ್ತಾದದ್ದು.

ಎಫ್‌ಐಆರ್ ದಾಖಲಾಯಿತು. ಗೋದಾವರಿಯೊಂದಿಗೆ ಕಂಪನಿಗೆ ಹೋದ ಇನ್‌ಸ್ಪೆಕ್ಟರ್ ವೈಜನಾಥ ಮೊದಲು ಚಹಾ ತರಿಸಿಕೊಂಡ.

"ನಮ್ಮ ಕಂಪ್ಯೂಟರ್ ನಡಸೋದು ಲಿನಕ್ಸ್‌ರಿ," ಎಂದ ಸೂರ್ಯಕಾಂತ. "ಪೆನ್‌ಡ್ರೈವ್ ಓದೋ ಡ್ರೈವರ್ ಸಾಫ್ಟ್‌ವೇರ್ ಬಂದ್ ಮಾಡಿಸೀನಿ. ಹಾಕಿದ್ರ ಸುಮ್ನ ಕುಂದರ್ತೈತಿ."

"ಚಾಲೂ ಮಾಡೋ ಪಾಸ್‌ವರ್ಡ್ ಯಾರ ಹತ್ರ ಐತಿ?" ಗೋದಾವರಿ ಕೇಳಿದಳು.

"ನನ್ನ ಹತ್ರ. ಮತ್ತ ಸಿಸ್ಟಂ ನೋಡ್ಕೊಳ್ಳೋ ಶಿವದೇವಿ ಹತ್ರ."

ಕಾಚಿಗೂಡದ ಸಂಜೆ ತರಗತಿಯಲ್ಲಿ ಗೋದಾವರಿ ಲಿನಕ್ಸ್ ಕಲಿತಿದ್ದಳು. ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯಾದ ಲಾಗ್ ತೆರೆದಳು. ನಿನ್ನೆ ಮಧ್ಯಾಹ್ನ 1.12ಕ್ಕೆ ಡ್ರೈವರ್ ಚಾಲೂ, ಕೆಳಗೆ ಪೆನ್‌ಡ್ರೈವ್‌ನ ಕ್ರಮಸಂಖ್ಯೆ, 1.31ಕ್ಕೆ ಅದನ್ನು ತೆಗೆದದ್ದು. ಕಳಚುವ ಆಜ್ಞೆ ಕೊಡದೆ ಕಿತ್ತರೆ ದೋಷದ ಸಾಲುಗಳು ಬೀಳುತ್ತವೆ. ಇಲ್ಲಿ ಒಂದೂ ಇರಲಿಲ್ಲ; ತೆಗೆದವರು ಆಜ್ಞೆ ಕೊಟ್ಟೇ ತೆಗೆದಿದ್ದರು.

ಡ್ರೈವರ್ ಚಾಲೂ ಮಾಡಿಸಿ, ತನ್ನ ಪೆನ್‌ಡ್ರೈವ್‌ಗೆ ಲಾಗ್ ಹಾಕಿಕೊಡಲು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದಳು. ಸೂರ್ಯಕಾಂತ ಹಾಕಿದವನೇ ಕಿತ್ತುಕೊಟ್ಟ. ಪರದೆಯ ತುಂಬ ದೋಷ. ಶಿವದೇವಿ ಆಜ್ಞೆ ಕೊಟ್ಟು, ಪುಟ್ಟ ದೀಪ ಆರುವವರೆಗೆ ಕಾದು, ಆಮೇಲೆ ತೆಗೆದಳು.

ಅವಳ ವ್ಯಾನಿಟಿ ಬ್ಯಾಗಿನಲ್ಲಿದ್ದ ಪೆನ್‌ಡ್ರೈವ್‌ನ ಸಂಖ್ಯೆ ಲಾಗ್‌ಗೆ ತಾಳೆಯಾಯಿತು. 3.40ಕ್ಕೆ ಪಂಚನಾಮೆ, ಬಂಧನ.

"ಯಾರಿಗೆ ಮಾರಬೇಕಂತಿದ್ರಿ?" ಗೋದಾವರಿ ಶಿವದೇವಿಯನ್ನು ಕೇಳಿದಳು.

"ಮಾರೋದಕ್ಕಲ್ರಿ. ಮೊದಲ ಈ ಲಿನಕ್ಸ್‌ನಾಗ ಪೆನ್‌ಡ್ರೈವ್ ಓಡ್ತಿರ್ಲಿಲ್ಲ. ಮೂರು ವಾರ ಕುಂತು ಓಡಿಸಿದಾಕಿ ನಾನು. ಈ ಮ್ಯಾನೇಜರು ದೊಡ್ಡವರ ಮುಂದ ನಾನ ಮಾಡೀನಿ ಅಂತ ಹೇಳಿ ಬಡ್ತಿ ತಗೊಂಡ್ರು. ನನ್ನ ತೋರಿಸಿ, 'ಈ ಹುಡುಗಿ ಟೈಪಿಂಗ್ ಚಲೋ ಮಾಡ್ತಾಳ' ಅಂದ್ರು. ಇವತ್ತ ಬರೀ ಪರದೆ ಮುಂದ ನಿಂತಾಗ ಆ ಮುಖ ನೋಡಬೇಕಿತ್ತು. ನೋಡಿದೆ."

"ಲಾಗ್ ಯಾಕ ಅಳಿಸ್ಲಿಲ್ಲ?"

"ಸಿಸ್ಟಂ ನೋಡ್ಕೊಳ್ಳಾಕಿ ಲಾಗ್ ಅಳಿಸ್ತಾಳೇನ್ರಿ?" ಅವಳ ಮಾತಿನಲ್ಲಿ ಅಳುಕಿರಲಿಲ್ಲ.

ಠಾಣೆಯಲ್ಲಿ ವೈಜನಾಥ ಮೀಸೆ ಒರೆಸಿಕೊಂಡ. "ಗೋದಾವರಿ, ಸುಳಿವು ಹಿಡಿದಿದ್ದು ನಾನು ಅಂತ ಬರಿ. ಕೋರ್ಟಿನಾಗ ನಾನ ಸಾಕ್ಷಿ ಹೇಳ್ತೀನಿ. ನಿನಗ್ಯಾಕ ಆ ವಕೀಲರ ಕಾಟ?"

"ಆತ್ರಿ ಸರ್."

ಅವಳು ಹಾಗೆಯೇ ಬರೆದಳು. ಹೋದ ವರ್ಷ ಎರಡು ಕೇಸು ಹೀಗೆಯೇ ಅವನ ಹೆಸರಿಗೆ ಹೋಗಿದ್ದವು. ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ವಿಚಾರಣೆಯ ಹಿಂದಿನ ದಿನ ಅವನು ಕರೆಯುತ್ತಾನೆ, ಲಾಗ್ ಅಂದರೇನೆಂದು ಕೇಳುತ್ತಾನೆ. ಪ್ರತಿಸಲವೂ ಅವಳೇ ಬಾಯಿಪಾಠ ಮಾಡಿಸಿ ಕಳಿಸಿದ್ದಳು.

ಈ ಸಲ ಅವನು ಕೇಳಿದರೆ ತನಗೂ ಮರೆತುಹೋಗಿದೆ ಎಂದುಬಿಡುವುದೆಂದು ನಿಶ್ಚಯಿಸಿ, ಗೋದಾವರಿ ಅವನು ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿದಳು.